ತಲೆಗೆ ಅಯಸ್ಕಾಂತ ಹಿಡಿದರೆ ಎದೆಯ ಅಂಜಿಕೆ ಹೋಗುವುದೇ?



ಈ ಅಂಕಣದಲ್ಲಿ ಸಾಮಾನ್ಯವಾಗಿ ತೊಗರಿಯ ಕಾಯಿಕೊರಕ, ಜೋಳದ ಸುಳಿನೊಣ, ಎಮ್ಮೆಯ ಕೆಚ್ಚಲು ಬಾವು ಇಂತಹ ವಿಷಯಗಳನ್ನೇ ಬರೆಯುತ್ತ ಬಂದಿದ್ದೇವೆ. ಈ ಸಲ ಮನುಷ್ಯರ ಮಿದುಳಿನ ವಿಷಯ ಬರೆಯಬೇಕಾಗಿದೆ. ಕಾರಣವಿಷ್ಟೆ: ಕಳೆದ ಕೆಲವು ತಿಂಗಳುಗಳಲ್ಲಿ ಅಕ್ಕಲಕೋಟ ಕಡೆಯ ಎರಡು ಮನೆಯವರು ಬೇರೆ ಬೇರೆಯಾಗಿ ಬಂದು ಒಂದೇ ಪ್ರಶ್ನೆಯನ್ನು ಕೇಳಿದರು. "ಫಾದರ್, ತಲಿಗೆ ಮ್ಯಾಗ್ನೆಟ್ ಹಿಡದು ಅಂಜಿಕಿ ರೋಗ ಬಿಡಸ್ತಾರಂತ, ಖರೇ ಏನ್ರಿ?" ಒಂದು ಮನೆಯವರು ಯಾವುದೋ ದೊಡ್ಡ ಊರಿನ ಖಾಸಗಿ ಕ್ಲಿನಿಕ್ಕಿನ ಜಾಹೀರಾತನ್ನು ಮೊಬೈಲಿನಲ್ಲಿ ನೋಡಿ, ಕಬ್ಬಿನ ಬಿಲ್ಲು ಕೈಗೆ ಬಂದ ಕೂಡಲೇ ಮಗನನ್ನು ಅಲ್ಲಿಗೆ ಕರೆದೊಯ್ಯಲು ಸಿದ್ಧರಾಗಿದ್ದರು; ಸಾಲದಿದ್ದರೆ ಒಂದು ಎಕರೆ ಒತ್ತೆ ಇಡುವ ಮಾತೂ ನಡೆದಿತ್ತು. ಇನ್ನೊಂದು ಮನೆಯವರು ಇದಕ್ಕೆ ತೀರ ವಿರುದ್ಧ. ಮಗಳಿಗೆ ಚಿಕಿತ್ಸೆ ಶುರುವಾಗಿತ್ತು. "ಮುಂದೆ ತಲೆಗೆ ಕರೆಂಟ್ ಕೊಡುತ್ತಾರೆ" ಎಂದು ಯಾರೋ ಹೇಳಿದ್ದನ್ನು ನಂಬಿ, ಗುಣ ಕಾಣಿಸುತ್ತಿದ್ದ ಮಾತ್ರೆಯನ್ನೂ ನಿಲ್ಲಿಸಿಬಿಟ್ಟಿದ್ದರು.

ಒಬ್ಬರಿಗೆ ಆಸೆ ಹೆಚ್ಚಾಯಿತು, ಇನ್ನೊಬ್ಬರಿಗೆ ಹೆದರಿಕೆ ಹೆಚ್ಚಾಯಿತು. ಎರಡಕ್ಕೂ ವಿಷಯ ಸರಿಯಾಗಿ ತಿಳಿಯದಿರುವುದೇ ಮೂಲ. ಆದುದರಿಂದ ನಾವು ಓದಿ, ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅಂಜಿಕೆ ಯಾವಾಗ ರೋಗ?

ಭಯವೆಂಬುದು ಸೃಷ್ಟಿಕರ್ತನು ಜೀವಿಗಳಿಗೆ ಕೊಟ್ಟ ಕಾವಲುನಾಯಿ. ಕಬ್ಬಿನ ಸಾಲಿನಲ್ಲಿ ಹಾವು ಸರಿದರೆ ನಾವು ಯೋಚಿಸುವ ಮುಂಚೆಯೇ ಕಾಲು ಹಿಂದೆ ಬಂದಿರುತ್ತದೆ. ಮಳೆ ಕೈಕೊಟ್ಟ ವರ್ಷ ಸೊಸೈಟಿಯ ಸಾಲವನ್ನು ನೆನೆದು ರಾತ್ರಿ ನಿದ್ದೆ ಬಾರದಿದ್ದರೆ ಅದನ್ನು ರೋಗವೆನ್ನಲಾಗದು. ಅಲ್ಲಿ ಚಿಂತೆಗೆ ಕಾರಣ ಎದುರಿಗೇ ಇದೆ. ಆದರೆ ಕಾವಲುನಾಯಿ ಕಳ್ಳನಿಗೂ ಬೊಗಳಿ, ಮನೆಯವರಿಗೂ ಬೊಗಳಿ, ಎಲೆ ಅಲುಗಿದರೂ ಬೊಗಳುತ್ತ ರಾತ್ರಿಯಿಡೀ ನಿಲ್ಲದಿದ್ದರೆ ಮನೆಯವರ ಗತಿಯೇನು? ಆತಂಕದ ಕಾಯಿಲೆ ಎಂಬುದು ಹೆಚ್ಚುಕಡಿಮೆ ಇದೇ.

ಇದರಲ್ಲಿ ಹಲವು ಬಗೆ. ಕೆಲವರಿಗೆ ಆರು ತಿಂಗಳಾದರೂ ಬಿಡದ ಚಿಂತೆ: ಮಗ ಶಾಲೆಯಿಂದ ಬರುವುದು ಹತ್ತು ನಿಮಿಷ ತಡವಾದರೆ ಅಪಘಾತವೇ ಆಯಿತೆಂಬ ನಿಶ್ಚಯ, ಕತ್ತು ಬಿಗಿತ, ಹೊಟ್ಟೆ ತೊಳಸು. ಕೆಲವರಿಗೆ ದಿಗಿಲಿನ ಆಘಾತ: ಸಂತೆಯಲ್ಲೋ ಬಸ್ಸಿನಲ್ಲೋ ಇದ್ದಕ್ಕಿದ್ದಂತೆ ಎದೆ ಡಬಡಬ ಹೊಡೆದು, ಬೆವರಿ, ಉಸಿರು ಕಟ್ಟಿ, "ಜೀವಾನೇ ಹೋತು" ಎನ್ನಿಸುತ್ತದೆ; ಹತ್ತಿಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ; ಆದರೆ ಮತ್ತೆಲ್ಲಿ ಬರುವುದೋ ಎಂಬ ಭಯದಿಂದ ಆ ಮನುಷ್ಯ ಸಂತೆಗೇ ಹೋಗುವುದಿಲ್ಲ. ಇನ್ನು ಕೆಲವರಿಗೆ ನಾಲ್ಕು ಜನರ ಮುಂದೆ ನಿಲ್ಲುವುದೇ ಸಂಕಟ.

ಗೀಳು ಕಾಯಿಲೆ ಎಂಬುದು ಬೇರೊಂದು. ಬೇಡದ ವಿಚಾರವೊಂದು ತಲೆಯನ್ನು ಹೊಕ್ಕು ಕೂರುತ್ತದೆ, ಅದನ್ನು ಶಮನಗೊಳಿಸಲು ಮಾಡಿದ್ದನ್ನೇ ಮಾಡಬೇಕಾಗುತ್ತದೆ: ಕೈ ತೊಳೆದದ್ದೇ ತೊಳೆದದ್ದು, ಮೋಟಾರಿನ ಸ್ಟಾರ್ಟರ್ ಬಂದ್ ಆಗಿದೆಯೇ ಎಂದು ರಾತ್ರಿ ಆರು ಸಲ ಹೊಲಕ್ಕೆ ಹೋದದ್ದೇ ಹೋದದ್ದು. ಹಿಂದೆ ಇದನ್ನೂ ಆತಂಕದ ಕಾಯಿಲೆಗಳ ಗುಂಪಿಗೇ ಸೇರಿಸುತ್ತಿದ್ದರು. 2013ರಿಂದ ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿದೆ. ಈ ಭೇದವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗೀಳಿನ ವಿಷಯ ಗುರುಗಳಾದ ನಮಗೆ ಹೊಸದಲ್ಲ. ಗುರುಮಠದಲ್ಲಿ ನೀತಿಶಾಸ್ತ್ರ ಕಲಿಯುವಾಗ 'ಸ್ಕ್ರೂಪಲ್' ಎಂಬ ಪದವನ್ನು ಕಲಿಸುತ್ತಾರೆ. ಲತೀನ್ ಭಾಷೆಯಲ್ಲಿ ಅದರ ಮೂಲಾರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿದ ಹರಳಿನಂತೆ ಹೆಜ್ಜೆಹೆಜ್ಜೆಗೂ ಚುಚ್ಚುವುದು. ಹೇಳಿದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸಿದರೂ ಕ್ಷಮೆ ದೊರೆಯಿತೆಂಬ ನೆಮ್ಮದಿ ಬಾರದ ಸ್ಥಿತಿ ಅದು. ಸಂತ ಇಗ್ನೇಷಿಯಸ್ ಲೊಯೋಲರೇ 1522ರಲ್ಲಿ ಸ್ಪೇನಿನ ಮನ್ರೇಸಾ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಇದನ್ನು ಅನುಭವಿಸಿದರು. ಬರೆದು ತಂದು ಪಾಪನಿವೇದನೆ ಮಾಡಿದರೂ ಸಮಾಧಾನವಿಲ್ಲ. ತಮ್ಮ ಕೋಣೆಯಲ್ಲಿದ್ದ ಗುಂಡಿಗೆ ಹಾರಿಬಿಡಬೇಕೆಂಬ ವಿಚಾರವೂ ಬರುತ್ತಿತ್ತೆಂದು ಅವರೇ ತಮ್ಮ ಜೀವನವೃತ್ತಾಂತದಲ್ಲಿ ಹೇಳಿಕೊಂಡಿದ್ದಾರೆ. ಒಂದು ವಾರ ಅನ್ನನೀರು ಬಿಟ್ಟು ಕುಳಿತರು. ನಿವೇದನೆ ಕೇಳುವ ಗುರುಗಳು ಉಪವಾಸ ಮುರಿಯೆಂದು ಆಜ್ಞೆ ಮಾಡಬೇಕಾಯಿತು. ಇಂತಹ ಸಂತನನ್ನು ವಿಶ್ವಾಸವಿಲ್ಲದವನು ಎನ್ನಲು ಯಾರಿಗೆ ಧೈರ್ಯವಿದೆ? ಹಾಗಾದರೆ ನಮ್ಮ ಮನೆಯ ಹುಡುಗಿ ಹೆದರಿ ಕುಳಿತಾಗ ಪರ್ವತಪ್ರಸಂಗವನ್ನು ಎತ್ತಿ ಅವಳನ್ನು ಗದರಿಸುವುದೂ ಬೇಡ. ಸಿರಾಖನ ಗ್ರಂಥದ 38ನೆಯ ಅಧ್ಯಾಯದಲ್ಲಿ ವೈದ್ಯನಿಗೂ ಔಷಧಿಗೂ ಕೊಡಬೇಕಾದ ಗೌರವದ ಮಾತಿದೆ, ಅದನ್ನು ಓದಿ.

ಡೀಪಿ ಮತ್ತು ಮಿದುಳು

ಈಗ ಅಯಸ್ಕಾಂತದ ವಿಷಯ. ಇದರ ಹೆಸರು ಟಿ.ಎಂ.ಎಸ್. ತಲೆಯನ್ನು ಕೊಯ್ಯದೆ, ಸೂಜಿ ಚುಚ್ಚದೆ, ಹೊರಗಿನಿಂದಲೇ ಮಿದುಳಿನ ಒಂದು ಭಾಗವನ್ನು ಚುರುಕುಗೊಳಿಸುವ ಅಥವಾ ಶಾಂತಗೊಳಿಸುವ ಉಪಾಯ. ಅಂಗಡಿಯಲ್ಲಿ ಮಾರುವ ಅಯಸ್ಕಾಂತದ ಬಳೆ, ಅಯಸ್ಕಾಂತದ ನೀರು ಇವುಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಹೊಲದ ಬದುವಿನಲ್ಲಿ ನಿಂತಿರುವ ಡೀಪಿಯನ್ನು ನೆನೆಸಿಕೊಳ್ಳಿ. ಅದರೊಳಗೆ ತಂತಿಯ ಎರಡು ಸುರುಳಿಗಳಿವೆ. ಒಂದರಿಂದ ಇನ್ನೊಂದಕ್ಕೆ ತಂತಿಯ ಜೋಡಣೆಯಿಲ್ಲ. ಆದರೂ ಮೊದಲನೆಯದರಲ್ಲಿ ಕರೆಂಟ್ ಏರಿಳಿಯುತ್ತಿದ್ದರೆ ಎರಡನೆಯದರಲ್ಲಿ ತಾನಾಗಿಯೇ ಕರೆಂಟ್ ಹುಟ್ಟುತ್ತದೆ, ನಿಮ್ಮ ಮೋಟಾರು ತಿರುಗುತ್ತದೆ. ನಡುವೆ ಕೆಲಸ ಮಾಡುವುದು ಅಯಸ್ಕಾಂತ ಶಕ್ತಿ. 1831ರಲ್ಲಿ ಈ ನಿಯಮವನ್ನು ಕಂಡುಹಿಡಿದವರು ಮೈಕೆಲ್ ಫ್ಯಾರಡೆ. ಲಂಡನ್ನಿನ ಬಡ ಕಮ್ಮಾರನೊಬ್ಬನ ಮಗ, ತಮ್ಮ ಸಣ್ಣ ಕ್ರೈಸ್ತ ಸಭೆಯೊಂದರ ಹಿರಿಯರೂ ಆಗಿದ್ದ ದೈವಭಕ್ತರು.

ಟಿ.ಎಂ.ಎಸ್. ಯಂತ್ರದಲ್ಲಿ ಮೊದಲನೆಯ ಸುರುಳಿಯನ್ನು ತಲೆಯ ಮೇಲೆ ಹಿಡಿಯುತ್ತಾರೆ. ಎರಡನೆಯ ಸುರುಳಿಯ ಸ್ಥಾನದಲ್ಲಿ ಇರುವುದು ನಮ್ಮ ಮಿದುಳು. ಸುರುಳಿಯಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಬಲವಾದ ಕರೆಂಟ್ ಹರಿದು ನಿಲ್ಲುತ್ತದೆ, 'ಟಕ್' ಎಂದು ಸದ್ದಾಗುತ್ತದೆ. ಅಯಸ್ಕಾಂತ ಶಕ್ತಿಗೆ ತಲೆಬುರುಡೆ ಅಡ್ಡಿಯಾಗುವುದಿಲ್ಲ. ಅದು ಒಳಗೆ ಹೊಕ್ಕು, ಸುರುಳಿಯ ಕೆಳಗೆ ಎರಡು ಮೂರು ಸೆಂಟಿಮೀಟರ್ ಆಳದವರೆಗಿನ ನರಕೋಶಗಳಲ್ಲಿ ಸಣ್ಣ ಕರೆಂಟನ್ನು ಹುಟ್ಟಿಸುತ್ತದೆ. ನರಕೋಶಗಳು ಹೇಗೂ ತಮ್ಮೊಳಗೆ ಮಾತಾಡಿಕೊಳ್ಳುವುದು ವಿದ್ಯುತ್ತಿನ ಮೂಲಕವೇ ಆದುದರಿಂದ ಅವು ಎಚ್ಚೆತ್ತುಕೊಳ್ಳುತ್ತವೆ. ಇಂತಹ ಯಂತ್ರವನ್ನು 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಮೊದಲು ಮಾಡಿ ತೋರಿಸಿದರು. ಕೈಯನ್ನು ಆಡಿಸುವ ಮಿದುಳಿನ ಭಾಗದ ಮೇಲೆ ಸುರುಳಿ ಹಿಡಿದರೆ ಕೈ ತಾನಾಗಿ ಮಿಸುಕುತ್ತದೆ. ಇಂದಿಗೂ ವೈದ್ಯರು ಯಾರಿಗೆ ಎಷ್ಟು ಶಕ್ತಿ ಬೇಕೆಂದು ಅಳೆಯುವುದು ಹೆಬ್ಬೆರಳು ಮಿಸುಕುವುದನ್ನು ನೋಡಿಯೇ.

ಭಯದ ಕೇಂದ್ರ ಮಿದುಳಿನ ಆಳದಲ್ಲಿದೆ. ಬಾದಾಮಿ ಬೀಜದಷ್ಟೇ ಇರುವ ಎರಡು ಗಂಟುಗಳು. ಸಾಮಾನ್ಯ ಸುರುಳಿಯ ಶಕ್ತಿ ಅಲ್ಲಿಗೆ ನೇರವಾಗಿ ಮುಟ್ಟುವುದಿಲ್ಲ. ಆದರೆ ಹಣೆಯ ಹಿಂದಿರುವ ಮಿದುಳಿನ ಭಾಗಕ್ಕೂ ಆ ಗಂಟುಗಳಿಗೂ ಸಂಬಂಧವಿದೆ, ಎತ್ತಿನ ಮೂಗುದಾರಕ್ಕೂ ಒಕ್ಕಲಿಗನ ಕೈಗೂ ಇರುವಂತೆ. ಎತ್ತು ಬೆದರಿದಾಗ ಹಗ್ಗ ಹಿಡಿದ ಕೈ ಬಲವಾಗಿರಬೇಕು. ಆದುದರಿಂದ ಹಗ್ಗ ಹಿಡಿದಿರುವ ಹಣೆಯ ಭಾಗಕ್ಕೆ ಈ ಮಿಡಿತಗಳನ್ನು ಕೊಡುತ್ತಾರೆ. ಸೆಕೆಂಡಿಗೆ ಒಂದರಂತೆ ನಿಧಾನವಾಗಿ ಕೊಟ್ಟರೆ ಆ ಭಾಗ ತಣ್ಣಗಾಗುತ್ತದೆ, ಹತ್ತು ಇಪ್ಪತ್ತರಂತೆ ಬೇಗ ಕೊಟ್ಟರೆ ಚುರುಕಾಗುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಆತಂಕಕ್ಕೆ ಬಹಳವಾಗಿ ಪ್ರಯತ್ನಿಸಿರುವುದು ಹಣೆಯ ಬಲಭಾಗಕ್ಕೆ ನಿಧಾನದ ಮಿಡಿತಗಳನ್ನು.

ಇನ್ನೊಂದು ಉಪಾಯ ಟಿ.ಡಿ.ಸಿ.ಎಸ್. ಇದರಲ್ಲಿ ಅಯಸ್ಕಾಂತವಿಲ್ಲ. ಉಪ್ಪುನೀರಿನಲ್ಲಿ ನೆನೆಸಿದ ಎರಡು ಪಟ್ಟಿಗಳನ್ನು ತಲೆಗೆ ಕಟ್ಟಿ, ಬ್ಯಾಟರಿಯಿಂದ ಒಂದೆರಡು ಮಿಲಿ ಆಂಪಿಯರ್‌ನಷ್ಟು ಅತಿ ಸಣ್ಣ ಕರೆಂಟನ್ನು ಸುಮಾರು ಇಪ್ಪತ್ತು ನಿಮಿಷ ಹರಿಸುತ್ತಾರೆ. ಇರುವೆ ಹರಿದಂತೆ ಚುಮುಚುಮು ಎನ್ನುವುದಷ್ಟೆ. ಇಲ್ಲೊಂದು ಎಚ್ಚರಿಕೆ. ಇದನ್ನು ಮನೆಯಲ್ಲೇ ಮಾಡಿಕೊಳ್ಳುವ ವಿಧಾನವನ್ನು ತೋರಿಸುವ ವಿಡಿಯೋಗಳಿವೆ. ನಮ್ಮ ಹುಡುಗರು ಸ್ಟಾರ್ಟರ್ ಬಿಚ್ಚಿ ಜೋಡಿಸುವ ಕೈಚಳಕದವರು. ಆ ಚಳಕ ತಲೆಯ ಮೇಲೆ ಬೇಡ. ಚರ್ಮ ಸುಟ್ಟ ಉದಾಹರಣೆಗಳಿವೆ, ಪಟ್ಟಿಯ ಜಾಗ ತಪ್ಪಿದರೆ ಪರಿಣಾಮವೂ ತಪ್ಪುತ್ತದೆ.

ಇದು 'ಶಾಕ್' ಅಲ್ಲ

ಹಳ್ಳಿಯಲ್ಲಿ ಹೆದರಿಕೆ ಹುಟ್ಟಿಸಿರುವುದು ಈ ಗೊಂದಲವೇ. ಜನರು 'ಶಾಕ್' ಎನ್ನುವುದು 1938ರಲ್ಲಿ ರೋಮಿನಲ್ಲಿ ಆರಂಭವಾದ ಬೇರೆ ಚಿಕಿತ್ಸೆಯನ್ನು. ಅದರಲ್ಲಿ ಮಿದುಳಿಗೆ ಕರೆಂಟ್ ಕೊಟ್ಟು, ವೈದ್ಯರ ನಿಗಾದಲ್ಲಿ ಒಂದು ಮೂರ್ಛೆಯನ್ನು ಬರಿಸುತ್ತಾರೆ. ಅದೂ ಸಿನಿಮಾದಲ್ಲಿ ತೋರಿಸುವಂತಹ ಕ್ರೌರ್ಯವಲ್ಲ. ಊಟ ಬಿಟ್ಟು, ಮಾತು ಬಿಟ್ಟು, ಸಾಯಲು ಹೊರಟ ತೀವ್ರ ಖಿನ್ನತೆಯ ರೋಗಿಗಳನ್ನು ಅದು ಉಳಿಸುತ್ತದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಅದನ್ನು ಕೊಡಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ.

ಟಿ.ಎಂ.ಎಸ್.ನಲ್ಲಿ ಅರಿವಳಿಕೆಯೂ ಇಲ್ಲ, ಮೂರ್ಛೆಯೂ ಇಲ್ಲ. ರೋಗಿ ಕುರ್ಚಿಯಲ್ಲಿ ಎಚ್ಚರವಾಗಿಯೇ ಕೂರುತ್ತಾನೆ, ಸದ್ದಿಗಾಗಿ ಕಿವಿಗೆ ಬೆಂಡು ಹಾಕುತ್ತಾರೆ, ಅರ್ಧ ಗಂಟೆ ಕಳೆದ ಮೇಲೆ ಎದ್ದು ಚಹಾ ಕುಡಿದು ಹೋಗಬಹುದು. ತಲೆಯ ಚರ್ಮದ ಮೇಲೆ ಕುಕ್ಕಿದಂತಾಗುವುದು, ಸ್ವಲ್ಪ ತಲೆನೋವು ಬರುವುದು ಸಾಮಾನ್ಯ. ಫಿಟ್ಸ್ ಬರುವ ಅಪಾಯವಿದೆ, ಆದರೆ ಸಾವಿರ ರೋಗಿಗಳಲ್ಲಿ ಒಬ್ಬರಿಗಿಂತಲೂ ಕಡಿಮೆ. ಹಿಂದೆ ಫಿಟ್ಸ್ ಇದ್ದವರು, ತಲೆಯೊಳಗೆ ಲೋಹದ ತುಣುಕು ಅಥವಾ ಕ್ಲಿಪ್ ಇರುವವರು, ಕಿವಿಯೊಳಗೆ ಯಂತ್ರ ಕೂಡಿಸಿಕೊಂಡವರು, ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದನ್ನು ಮೊದಲೇ ಹೇಳಬೇಕು. ಸುತ್ತಿಗೆಯಿಂದ ಕಬ್ಬಿಣ ಹೊಡೆಯುವಾಗ ಕಣ್ಣಿಗೆ ಚೂರು ಸಿಡಿದು ಒಳಗುಳಿದಿದ್ದರೆ ಅದನ್ನೂ ಮರೆಯದೆ ಹೇಳಬೇಕು.

ಹಾಗಾದರೆ ಗುಣವಾಗುತ್ತದೆಯೇ?

ಇಲ್ಲಿಯೇ ಜಾಹೀರಾತಿಗೂ ಸತ್ಯಕ್ಕೂ ದಾರಿ ಬೇರೆಯಾಗುವುದು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಟಿ.ಎಂ.ಎಸ್.ಗೆ 2008ರಲ್ಲಿ ಅನುಮತಿ ಕೊಟ್ಟದ್ದು ಔಷಧಿಗೆ ಬಗ್ಗದ ಖಿನ್ನತೆಗೆ. 2018ರಲ್ಲಿ ಗೀಳು ಕಾಯಿಲೆಗೆ. 2021ರಲ್ಲಿ, ಖಿನ್ನತೆಯ ಜೊತೆಗೆ ಆತಂಕವೂ ಇರುವವರಿಗೆ. ಖಿನ್ನತೆಯಿಲ್ಲದೆ ತಾನೇ ಬರುವ ಚಿಂತೆಯ ಕಾಯಿಲೆ, ದಿಗಿಲಿನ ಕಾಯಿಲೆಗಳಲ್ಲಿ ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಸಂಶೋಧನೆ ಎಂದರೇನೆಂಬುದು ಒಕ್ಕಲಿಗರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ನಮ್ಮ ಜಿಲ್ಲೆಯ ಮೋಹೋಳದಲ್ಲಿ ಆರಿಸಿದ ಮಾಲದಂಡಿ 35-1 ಜೋಳ ಇಂದಿಗೂ ಹಿಂಗಾರಿಯ ರಾಜ. ಹೊಸ ತಳಿ ತಂದವರು ಬರಿಯ ಹೊಸದನ್ನು ಬಿತ್ತಿ "ಬಂಪರ್ ಬೆಳೆ ಬಂತು" ಎಂದರೆ ಯಾರು ನಂಬುತ್ತಾರೆ? ಆ ವರ್ಷ ಮಳೆಯೇ ಚೆನ್ನಾಗಿ ಆಗಿರಬಹುದು, ಎರೆಭೂಮಿಯ ಗುಣವೇ ಇರಬಹುದು. ಅದೇ ಹೊಲದಲ್ಲಿ, ಅದೇ ದಿನ, ಪಕ್ಕದ ಸಾಲಿಗೆ ಮಾಲದಂಡಿಯನ್ನೂ ಬಿತ್ತಿ ಎರಡನ್ನೂ ತೂಗಬೇಕು. ರೋಗದಲ್ಲಿ ಈ ತೂಕ ಇನ್ನೂ ಕಷ್ಟ. ಏಕೆಂದರೆ ಜೋಳಕ್ಕೆ ಆಸೆಯಿಲ್ಲ, ಮನುಷ್ಯನಿಗಿದೆ. ದೊಡ್ಡ ಆಸ್ಪತ್ರೆ, ದೊಡ್ಡ ಯಂತ್ರ, ದಿನವೂ ಹೆಸರು ಹಿಡಿದು ಮಾತಾಡಿಸುವ ನರ್ಸಮ್ಮ, ಇಷ್ಟರಿಂದಲೇ ಆತಂಕದವರಿಗೆ ಎಷ್ಟೋ ಹಗುರಾಗುತ್ತದೆ. ಆದ್ದರಿಂದ ವೈದ್ಯರು ಅರ್ಧ ಜನರಿಗೆ ನಿಜವಾದ ಸುರುಳಿಯನ್ನೂ, ಇನ್ನರ್ಧ ಜನರಿಗೆ ಅದೇ ಸದ್ದು ಮಾಡುವ, ಆದರೆ ಶಕ್ತಿ ಒಳಗೆ ಹೋಗದ ಹುಸಿ ಸುರುಳಿಯನ್ನೂ ಹಿಡಿಯುತ್ತಾರೆ. ಯಾರಿಗೆ ಯಾವುದೆಂದು ಚೀಟಿ ಎತ್ತಿದ ಹಾಗೆ ಗೊತ್ತುಮಾಡುತ್ತಾರೆ. ರೋಗಿಗೂ ಹೇಳುವುದಿಲ್ಲ, ಗುಣವನ್ನು ಅಳೆಯುವ ವೈದ್ಯನಿಗೂ ಹೇಳುವುದಿಲ್ಲ. ಇದು ಮೋಸವಲ್ಲ, ಹೀಗೆ ಮಾಡುತ್ತೇವೆಂದು ಮೊದಲೇ ತಿಳಿಸಿ ಸಹಿ ಪಡೆದಿರುತ್ತಾರೆ.

ಹೀಗೆ ತೂಗಿದಾಗ ಏನು ಕಂಡಿತು? ಗೀಳು ಕಾಯಿಲೆಗೆ ಅನುಮತಿ ದೊರಕಿಸಿದ ಪರೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. 11 ಆಸ್ಪತ್ರೆಗಳು, 99 ರೋಗಿಗಳು, ಆರು ವಾರ. ನಿಜ ಸುರುಳಿಯ ಗುಂಪಿನಲ್ಲಿ ನೂರಕ್ಕೆ 38 ಮಂದಿಗೆ, ಹುಸಿ ಸುರುಳಿಯ ಗುಂಪಿನಲ್ಲಿ ನೂರಕ್ಕೆ 11 ಮಂದಿಗೆ ಹೇಳಿಕೊಳ್ಳುವಷ್ಟು ಗುಣ ಕಂಡಿತು. 'ಗುಣ' ಎಂದರೆ ಕಾಯಿಲೆ ಪೂರ್ತಿ ಹೋಯಿತೆಂದಲ್ಲ. ಅದರ ಕಾಟ ನೂರಕ್ಕೆ ಮೂವತ್ತರಷ್ಟಾದರೂ ಇಳಿಯಿತೆಂದು. ಲಾಭ ನಿಜ, ಆದರೆ ನಿಜ ಸುರುಳಿ ಹಿಡಿಸಿಕೊಂಡವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಷ್ಟು ಪ್ರಯೋಜನವಾಗಲಿಲ್ಲ.

ದಿಗಿಲಿನ ಕಾಯಿಲೆಯ ಲೆಕ್ಕ ಇನ್ನೂ ಬಡವಾದದ್ದು. 2014ರಲ್ಲಿ ಜಗತ್ತಿನ ಪರೀಕ್ಷೆಗಳನ್ನೆಲ್ಲ ಜಾಲಾಡಿದ ಪಂಡಿತರಿಗೆ ಸರಿಯಾಗಿ ನಡೆಸಿದವು ಎರಡೇ ಸಿಕ್ಕವು. ಎರಡೂ ಸೇರಿ 40 ರೋಗಿಗಳು. ಒಂದರಲ್ಲಿ ಲಾಭ ಕಂಡಿತ್ತು, ಇನ್ನೊಂದರಲ್ಲಿ ಇಲ್ಲ. ಅನಂತರವೂ ಪರೀಕ್ಷೆಗಳು ನಡೆದಿವೆ, ಆಸೆ ಹುಟ್ಟಿಸುವ ಫಲಗಳೂ ಬಂದಿವೆ. ಆದರೆ ಹೆಚ್ಚಿನವು ಸಣ್ಣವು. ನಾಲ್ಕು ಗುಂಟೆಯಲ್ಲಿ ಬೆಳೆದು ನೋಡಿ ಇಡೀ ತಾಲ್ಲೂಕಿಗೆ ಬೀಜ ಹಂಚಿದ ಹಾಗಾದೀತು.

ಬೆಂಗಳೂರಿನ ನಿಮ್ಹಾನ್ಸ್

ಕನ್ನಡಿಗರಾದ ನಾವು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ಈ ಸಂಶೋಧನೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಂಚೂಣಿಯಲ್ಲಿದೆ. ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೂ ಅದರ ಪಕ್ಕದಲ್ಲಿ ಬೆಳೆದ ಶಿಕ್ಷಣ ಸಂಸ್ಥೆಯೂ ಒಂದಾಗಿ 1974ರಲ್ಲಿ ಆದದ್ದು ಅದು. ಗೀಳು ಕಾಯಿಲೆಗೆಂದೇ ಅಲ್ಲಿ ಪ್ರತ್ಯೇಕ ಚಿಕಿತ್ಸಾಲಯವಿದೆ.

ಅಲ್ಲಿಯ ವೈದ್ಯರು ಮಾತ್ರೆಗೆ ಬಗ್ಗದ 25 ಮಂದಿ ಗೀಳಿನ ರೋಗಿಗಳ ಮೇಲೆ ಬ್ಯಾಟರಿಯ ಉಪಾಯವನ್ನು ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದರು. ದಿನಕ್ಕೆ ಎರಡು ಸಲದಂತೆ ಐದು ದಿನ, ಪ್ರತಿ ಸಲ 20 ನಿಮಿಷ. ನಿಜವಾದ ಕರೆಂಟ್ ಪಡೆದ 12 ಮಂದಿಯಲ್ಲಿ 4 ಮಂದಿಗೆ ಗುಣ ಕಂಡಿತು, ಹುಸಿ ಚಿಕಿತ್ಸೆ ಪಡೆದ 13 ಮಂದಿಯಲ್ಲಿ ಒಬ್ಬರಿಗೂ ಇಲ್ಲ. ಅದಕ್ಕೆ ಮುಂಚೆ, 2018ರಲ್ಲಿ, ಅದೇ ಸಂಸ್ಥೆಯವರು ಮಿದುಳಿನ ಅದೇ ಭಾಗಕ್ಕೆ ನಿಧಾನದ ಅಯಸ್ಕಾಂತ ಮಿಡಿತಗಳನ್ನು ಕೊಟ್ಟ ಪರೀಕ್ಷೆಯ ವರದಿಯನ್ನೂ ಕೊಟ್ಟಿದ್ದರು. ಅದರಲ್ಲಿ ಹುಸಿ ಸುರುಳಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಬರೆದರು. ಆದದ್ದನ್ನೂ ಆಗದ್ದನ್ನೂ ಎರಡನ್ನೂ ಹೇಳುವವರ ಮಾತಿಗೆ ತೂಕವಿದೆ. ಜಾಹೀರಾತಿನಲ್ಲಿ 'ಆಗಲಿಲ್ಲ' ಎಂಬ ಪದವನ್ನು ನಾವಂತೂ ಈವರೆಗೆ ನೋಡಿಲ್ಲ.

ಇಂತಹ ಸಂಶೋಧನೆಯಲ್ಲಿ ಸೇರಿಕೊಳ್ಳಲು ಯಾರಾದರೂ ಕೇಳಿದರೆ ಸೇರಬಹುದೇ? ಸೇರಬಹುದು, ಅದು ಮುಂದಿನವರಿಗೆ ಮಾಡುವ ಉಪಕಾರವೂ ಹೌದು. ಹನ್ನೆರಡನೆಯ ಪಿಯೂಸ್ ಪೋಪರು 1952ರ ಸೆಪ್ಟೆಂಬರಿನಲ್ಲಿ ನರರೋಗ ತಜ್ಞರಿಗೆ ಮಾಡಿದ ಭಾಷಣದಲ್ಲಿ ಇದರ ಮೇರೆಯನ್ನು ಹಾಕಿಕೊಟ್ಟಿದ್ದಾರೆ: ವಿಜ್ಞಾನದ ಹಿತ ಎಷ್ಟೇ ದೊಡ್ಡದಾದರೂ ರೋಗಿಯ ಒಪ್ಪಿಗೆಯಿಲ್ಲದೆ ವೈದ್ಯನಿಗೆ ಅವನ ಮೇಲೆ ಹಕ್ಕಿಲ್ಲ. ನಮ್ಮ ದೇಶದ 2017ರ ಕಾಯಿದೆಯೂ ಮಾನಸಿಕ ರೋಗಿಯ ಮೇಲೆ ಸಂಶೋಧನೆ ಮಾಡಲು ತಿಳಿದು ಕೊಟ್ಟ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆಯ ಕಾಗದ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಕನ್ನಡದಲ್ಲೋ ಮರಾಠಿಯಲ್ಲೋ ಕೇಳಿ ಪಡೆಯಿರಿ. ನಡುವೆ ಬಿಟ್ಟುಬರುವ ಸ್ವಾತಂತ್ರ್ಯವಿದೆ, ಬಿಟ್ಟರೆ ಉಳಿದ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ. ಪರೀಕ್ಷೆಗೆ ಒಳಗಾಗುವ ಚಿಕಿತ್ಸೆಗೆ ರೋಗಿಯಿಂದಲೇ ಹಣ ಕೇಳಿದರೆ ಅದು ಸಂಶೋಧನೆಯ ರೀತಿಯಲ್ಲವೆಂದು ತಿಳಿಯಿರಿ.

ಮೊದಲು ಮಾಡಬೇಕಾದದ್ದು

ನಮ್ಮ ಮುಖ್ಯ ಮಾತು ಇದು. ಅಯಸ್ಕಾಂತ ಕಡೆಯ ಮೆಟ್ಟಿಲುಗಳಲ್ಲಿ ಒಂದು, ಮೊದಲನೆಯದಲ್ಲ. ಆತಂಕದ ಕಾಯಿಲೆಗೆ ಈಗಾಗಲೇ ಗೊತ್ತಿರುವ, ಕಡಿಮೆ ಖರ್ಚಿನ, ಹೆಚ್ಚು ಜನರಿಗೆ ಗುಣ ಕೊಡುವ ಚಿಕಿತ್ಸೆಗಳಿವೆ. ದುಃಖದ ವಿಷಯವೆಂದರೆ ಅವೇ ನಮ್ಮವರಿಗೆ ಮುಟ್ಟಿಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ಹತ್ತಕ್ಕೆ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಆತಂಕ, ಖಿನ್ನತೆಯಂತಹ ಸಾಮಾನ್ಯ ಕಾಯಿಲೆಯವರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಅಂತ್ರ ಕಟ್ಟಿಸಲು, ದೆವ್ವ ಬಿಡಿಸಲು ಹೋದ ಹಣದ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಮೊದಲು ದೇಹದ ತಪಾಸಣೆಯಾಗಲಿ. ಎದೆ ಹೊಡೆದುಕೊಳ್ಳುವುದೆಲ್ಲ ಮನಸ್ಸಿನದಲ್ಲ. ಥೈರಾಯ್ಡ್ ಹೆಚ್ಚಾದರೂ, ರಕ್ತ ಕಡಿಮೆಯಾದರೂ, ಹೃದಯದ ತೊಂದರೆಯಿದ್ದರೂ ಹೀಗಾಗುತ್ತದೆ, ಒಂದು ಇ.ಸಿ.ಜಿ., ಒಂದು ರಕ್ತಪರೀಕ್ಷೆ ಬೇಕು. ಔಷಧಿ ಹೊಡೆದು ಬಂದ ದಿನ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು, ವಾಂತಿ, ಸ್ನಾಯು ಅದುರುವುದು ಕಂಡರೆ "ಅಂಜಿಕಿ" ಎಂದು ಮಲಗಿಸಬೇಡಿ. ಅದು ವಿಷವೇರಿರುವ ಲಕ್ಷಣ. ಬಟ್ಟೆ ಬಿಚ್ಚಿ ಮೈ ತೊಳೆದು, ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಆತಂಕದ ಕಾಯಿಲೆಯೆಂದು ಗೊತ್ತಾದರೆ ವೈದ್ಯರು ಸಾಮಾನ್ಯವಾಗಿ ಸರ್ಟ್ರಾಲಿನ್, ಎಸಿಟಾಲೋಪ್ರಾಮ್, ಫ್ಲೂಆಕ್ಸೆಟಿನ್ ಇಂತಹ ಮಾತ್ರೆಯೊಂದನ್ನು ಬರೆಯುತ್ತಾರೆ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಆದರೆ ಕೆಲಸ ತೋರಿಸಲು ಎರಡರಿಂದ ಆರು ವಾರ ಬೇಕು, ಗೀಳು ಕಾಯಿಲೆಗೆ ಹತ್ತು ಹನ್ನೆರಡು ವಾರವೂ ಆದೀತು. ಬಿತ್ತಿದ ನಾಲ್ಕನೆಯ ದಿನ ತೆನೆ ಹುಡುಕುವವರು ನೀವಲ್ಲ. ಮಾತ್ರೆಯ ವಿಷಯದಲ್ಲಿ ಮಾತ್ರ ಏಕೆ ಅವಸರ? ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಲೂಬೇಡಿ. ಇದಕ್ಕೆ ಬೇರೆಯಾದದ್ದು ಅಲ್ಪ್ರಜೋಲಾಮ್ ಜಾತಿಯ ಮಾತ್ರೆ. ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ, ಅದಕ್ಕೇ ಜನ ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳುತ್ತಾರೆ. ವೈದ್ಯರು ಕೆಲವು ದಿನಗಳಿಗೆಂದು ಕೊಟ್ಟದ್ದನ್ನು ವರ್ಷಗಟ್ಟಲೆ ನುಂಗಿ, ಬಿಡಲಾರದೆ ಒದ್ದಾಡುವವರು ನಮ್ಮ ಧರ್ಮಕೇಂದ್ರದಲ್ಲೂ ಇದ್ದಾರೆ.

ಮಾತ್ರೆಯಷ್ಟೇ ಬಲವಾದದ್ದು ಮಾತಿನ ಚಿಕಿತ್ಸೆ. ಇದು ಬರಿಯ ಸಮಾಧಾನ ಹೇಳುವುದಲ್ಲ. ಹೆದರಿದ ವಸ್ತುವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಲು ಕಲಿಸುವುದು. ಗೀಳಿನಲ್ಲಿ, ಒಮ್ಮೆ ಕೈ ತೊಳೆದು ಎರಡನೆಯ ಸಲ ತೊಳೆಯದೆ ಆ ಕಳವಳ ತಾನಾಗಿ ಇಳಿಯುವವರೆಗೆ ಕೂರಲು ಕಲಿಸುವುದು. ಹೊಸ ಹೋರಿಯನ್ನು ನೊಗಕ್ಕೆ ಪಳಗಿಸುವಷ್ಟೇ ತಾಳ್ಮೆಯ ಕೆಲಸ. ಪಾಪದ ಶಂಕೆಯಿಂದ ಬಳಲುವವರು ಒಬ್ಬರೇ ಗುರುಗಳ ಬಳಿ, ಅವರು ಹೇಳಿದ ಮಿತಿಯಲ್ಲಿ ಪಾಪನಿವೇದನೆ ಮಾಡಿದರೆ ಅದೂ ಈ ಚಿಕಿತ್ಸೆಗೆ ನೆರವಾಗುತ್ತದೆ. ಜಪಸರ ಹಿಡಿಯುವುದು ಒಳ್ಳೆಯದೇ. ಆದರೆ ಒಂದು ಮಣಿ ತಪ್ಪಿತೆಂದು ಮೊದಲಿನಿಂದ ಹತ್ತು ಸಲ ಹೇಳುತ್ತಿದ್ದರೆ ಅದು ಭಕ್ತಿಯಲ್ಲ, ಕಾಯಿಲೆ.

ಎಲ್ಲಿಗೆ ಹೋಗಬೇಕು? ಸೊಲ್ಲಾಪುರದಲ್ಲಿ ನಾವೆಲ್ಲ 'ಸಿವಿಲ್' ಎನ್ನುವ, ಡಾ. ವೈಶಂಪಾಯನ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಮೊದಲು ಹೋಗಿ. ಕನ್ನಡದಲ್ಲೇ ಮನಸ್ಸು ಬಿಚ್ಚಿ ಹೇಳಬೇಕೆನ್ನುವವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಹೊಟಗಿ, ವಿಜಯಪುರ, ಗದಗ ಮಾರ್ಗವಾಗಿ ರೈಲು ದಾರಿ. ಮನೆಯಿಂದ ಹೊರಡಲಾರದವರು 14416 ಎಂಬ ಸರ್ಕಾರಿ ಟೆಲಿ-ಮಾನಸ್ ನಂಬರಿಗೆ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆ ಉಚಿತ, ಹಗಲು ರಾತ್ರಿ ಇದೆ, ಕನ್ನಡ ಮರಾಠಿ ಎರಡರಲ್ಲೂ ಮಾತಾಡಬಹುದು. ಮನೆಯಲ್ಲಿ ಯಾರಾದರೂ "ಇರಬಾರದು ಅನಿಸ್ತದ" ಎಂಬ ಮಾತಾಡಿದರೆ ಅದನ್ನು ನಾಟಕವೆನ್ನದೆ ಅದೇ ದಿನ ವೈದ್ಯರಿಗೆ ತಿಳಿಸಿ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗಳಿಗೆ ಬೀಗ ಹಾಕಿ, ಕೀಲಿಯನ್ನು ಬೇರೆಯವರ ಕೈಗೆ ಕೊಡಿ.

ಎರಡು ಬಗೆಯ ಮಾತ್ರೆ ಸರಿಯಾದ ಪ್ರಮಾಣದಲ್ಲಿ, ಸರಿಯಾದಷ್ಟು ದಿನ ಕೊಟ್ಟು, ಮಾತಿನ ಚಿಕಿತ್ಸೆಯನ್ನೂ ಮಾಡಿ, ಆದರೂ ಗುಣವಾಗದೆ ನಿಮ್ಮ ಮನೋವೈದ್ಯರೇ ಟಿ.ಎಂ.ಎಸ್. ಮಾತೆತ್ತಿದರೆ ಆಗ ಯೋಚಿಸಿ. ಹೊರಡುವ ಮುಂಚೆ ಇಷ್ಟನ್ನು ಕೇಳಿ: ನಮ್ಮ ರೋಗಿಗೆ ಇರುವ ಕಾಯಿಲೆಯ ಹೆಸರೇನು, ಆ ಕಾಯಿಲೆಗೆ ಇದು ಒಪ್ಪಿತವಾದ ಚಿಕಿತ್ಸೆಯೋ ಪ್ರಯೋಗವೋ? ಒಟ್ಟು ಎಷ್ಟು ಸಲ, ಒಟ್ಟು ಖರ್ಚೆಷ್ಟು? ಗುಣ ಕಾಣದಿದ್ದರೆ ಎಷ್ಟು ದಿನಕ್ಕೆ ನಿಲ್ಲಿಸುತ್ತೀರಿ? ಮೇಲೆ ಹೇಳಿದ ಮಾತ್ರೆ ಮುಂದುವರಿಯಬೇಕೋ? ಇದಕ್ಕೆ ಬಾಯಿಮಾತಿನ ಉತ್ತರ ಬೇಡ, ಕಾಗದದ ಮೇಲೆ ಬರೆಸಿಕೊಳ್ಳಿ. ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಬಿಡದೆ ಹೋಗಬೇಕಾದ ಚಿಕಿತ್ಸೆ ಇದು. ಸೊಲ್ಲಾಪುರದಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರೇನೋ ಮುಟ್ಟುತ್ತೀರಿ, ಆದರೆ ಅಲ್ಲಿ ಆರು ವಾರ ಉಳಿಯುವವರು ಯಾರು, ಮನೆಯಲ್ಲಿ ದನಕರು ನೋಡುವವರು ಯಾರು ಎಂಬುದು ಮೊದಲೇ ಗೊತ್ತಾಗಬೇಕು. ಜೋಳದ ರಾಶಿ ಮುಗಿದು ಮುಂಗಾರಿಯ ಬಿತ್ತನೆಗೆ ಇನ್ನೂ ಸಮಯವಿರುವ ಏಪ್ರಿಲ್, ಮೇ ತಿಂಗಳು ಹೊಲದ ಮನೆಗಳಿಗೆ ಅನುಕೂಲ. ಈವರೆಗೆ ತೆಗೆದುಕೊಂಡ ಎಲ್ಲ ಮಾತ್ರೆಗಳ ಚೀಟಿ, ಇ.ಸಿ.ಜಿ., ರಕ್ತದ ರಿಪೋರ್ಟು, ಆಧಾರ್ ಕಾರ್ಡು, ರೇಷನ್ ಕಾರ್ಡು ಇವನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮರಾಠಿಯಲ್ಲಿರುವ ಕಾಗದಗಳ ಸಾರಾಂಶವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಸಬೇಕಾದರೆ ರವಿವಾರ ಪೂಜೆಯ ನಂತರ ಗುರುನಿವಾಸಕ್ಕೆ ತನ್ನಿ, ಬರೆದುಕೊಡುತ್ತೇವೆ.